ಅಣ್ಣ ಕೊಟ್ಟ ಚರ್ಮ, ನಾನು ಬಿಟ್ಟು ಬಂದ ಡಬ್ಬಿ

ನನ್ನ ಅಣ್ಣನ ತೋಳಿನಿಂದ ತೊಗರಿಬೇಳೆಯಷ್ಟು ಚರ್ಮ ತೆಗೆದ ದಿನ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ನೆಲಮಹಡಿಯ ಕೋಣೆ. ಮರಗಟ್ಟಿಸುವ ಸೂಜಿ ಚುಚ್ಚಿ, ಪೆನ್ನಿನಂಥ ಒಂದು ಉಪಕರಣವನ್ನು ಒತ್ತಿ ತಿರುಗಿಸಿ, ಬಂದ ಚೂರನ್ನು ಗುಲಾಬಿ ಬಣ್ಣದ ದ್ರವವಿದ್ದ ಪುಟ್ಟ ಬಾಟಲಿಗೆ ಹಾಕಿದರು. ನೋವಾಯಿತೇ ಎಂದು ನಾನು ಅಣ್ಣನನ್ನು ಕೇಳಲಿಲ್ಲ. ಆ ಬಾಟಲಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ಹೋಗುತ್ತದೆ, ನಾನು ಕೆಳಗೇ ಉಳಿಯುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅದು ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟು ನೋಡಿದ್ದೇನೆ, ಯಾವುದೂ ಹೊಂದಲಿಲ್ಲ. ಮೂವತ್ತೆಂಟನೆಯ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಹಿಡಿದ ಒಡಹುಟ್ಟಿದವನ ಮೇಲೆ ಹೊಟ್ಟೆಕಿಚ್ಚು ಪಡುವವಳನ್ನು ಜನ ಏನೆಂದಾರು ಎಂಬುದು ನನಗೆ ಗೊತ್ತಿದೆ. ಆದರೆ ಆಮೇಲೆ ಹೆದ್ದಾರಿಯಲ್ಲಿ ನಡೆದದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಹಾಗಾಗಿ ಅಲ್ಲಿಂದಲೇ ಹೇಳಬೇಕು.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಭ್ರೂಣಶಾಸ್ತ್ರ ನನಗೆ ಬಹಳ ಇಷ್ಟದ ವಿಷಯವಾಗಿತ್ತು. ಒಂದೇ ಜೀವಕೋಶ ಒಡೆಯುತ್ತ ಹೋಗಿ, ಇದು ಹಲ್ಲು, ಇದು ಕಣ್ಣು, ಇದು ಉಗುರು ಎಂದು ತಮ್ಮತಮ್ಮಲ್ಲೇ ಹೇಗೆ ಹಂಚಿಕೊಳ್ಳುತ್ತವೆ ಎಂದು ಯೋಚಿಸುತ್ತ ಹಾಸ್ಟೆಲ್ಲಿನ ಊಟದ ಗಂಟೆ ತಪ್ಪಿಸಿಕೊಂಡದ್ದಿದೆ. ಕೊನೆಯ ವರ್ಷ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಸಂದರ್ಶನಕ್ಕೆ ಕರೆ ಬಂತು. ಅದೇ ತಿಂಗಳು ಮಸ್ಕತ್ತಿನ ವರನೂ ಬಂದ. ಅಪ್ಪ, "ಓದಿದ್ದು ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ನಾನು ಮದುವೆಯಾಗಿ ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿಗೆ ಬಂದೆ. ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಬೋರ್ಡಿನ ಮೇಲೆ ಅದೇ ಜೀವಕೋಶದ ಚಿತ್ರ ಬರೆದೆ. ಗೋಡೆ, ಕೇಂದ್ರ, ಮೈಟೊಕಾಂಡ್ರಿಯಾ. ಮಕ್ಕಳು ಅದನ್ನು ನೋಡಿಕೊಂಡು ಬರೆದು ಪಾಸಾದರು.

ಅಣ್ಣನಿಗೆ ಎಂಜಿನಿಯರಿಂಗ್ ಮುಗಿಸಲು ಆರು ವರ್ಷ ಹಿಡಿಯಿತು. ಆದರೂ ನನಗಿಂತ ಒಳ್ಳೆಯದೆಲ್ಲ ಅವನಿಗೇ ಬಂತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವನೂ ಮಸ್ಕತ್ತಿಗೇ ಬಂದ. ಎಣ್ಣೆ ಬಾವಿ ಕೊರೆಯುವ ಯಂತ್ರಗಳಿಗೆ ಸಲಕರಣೆ ಒದಗಿಸುವ ಕಂಪನಿಯೊಂದರಲ್ಲಿ ಕೆಲಸ, ಘಾಲಾದಲ್ಲಿ ಆಫೀಸು, ಅಲ್ ಹೈಲ್‌ನಲ್ಲಿ ಸಮುದ್ರದ ಗಾಳಿ ಬರುವ ಫ್ಲ್ಯಾಟು. ಡ್ರೈವಿಂಗ್ ಲೈಸೆನ್ಸ್ ಮೊದಲ ಸಲಕ್ಕೇ ಸಿಕ್ಕಿತು. ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುವ ಪರೀಕ್ಷೆ, ಏರಿನಲ್ಲಿ ಜಾರದಂತೆ ನಿಲ್ಲಿಸುವ ಪರೀಕ್ಷೆ, ಎರಡರಲ್ಲೂ ನಾನೂ ಪಾಸಾಗಿದ್ದೆ. ರಸ್ತೆಯ ಪರೀಕ್ಷೆಯಲ್ಲಿ ಮಾತ್ರ ಮೂರು ಸಲ ಫೇಲು. ಪ್ರತಿ ಸಲವೂ ಅಣ್ಣ, "ಡ್ರಮ್ಮಿನ ರಾಣಿ ಬಂದಳ್ರೀ" ಎಂದು ನನ್ನ ಗಂಡನಿಗೆ ಹೇಳಿ ನಗುತ್ತಿದ್ದ.

ಆಮೇಲೆ ಅವನ ಬಲಗೈ ನಡೆಯುವಾಗ ಬೀಸುವುದನ್ನು ಬಿಟ್ಟಿತು. ಮೊದಲು ಕಂಡದ್ದು ನನಗೇ. ಬೆಳಗ್ಗೆ ಏಳುವಾಗ ಕಾಲ್ಬೆರಳು ಸೆಟೆದುಕೊಳ್ಳುತ್ತವೆ ಎಂದ. ಅಕ್ಷರ ಸಣ್ಣದಾಗುತ್ತ ಹೋಯಿತು. ಚೆಕ್ಕಿನ ಸಹಿ ಹೊಂದುವುದಿಲ್ಲ ಎಂದು ಬ್ಯಾಂಕಿನವರು ಎರಡು ಸಲ ವಾಪಸು ಕಳಿಸಿದರು. ಬೆಂಗಳೂರಿನ ನರರೋಗ ತಜ್ಞರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ವಂಶದಿಂದ ಬಂದದ್ದು, ಒಂದು ಜೀನಿನ ಎರಡು ಪ್ರತಿಗಳೂ ಕೆಟ್ಟಿವೆ, ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಎಂದರು. ಆಮೇಲೆ ಅವ್ವನ ಕಡೆ ತಿರುಗಿ, ಸಂಬಂಧದಲ್ಲೇ ಮದುವೆಯೇ ಎಂದು ಕೇಳಿದರು. ಅವ್ವ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಒಂದೇ ಮನೆತನದಲ್ಲಿ ಹರಿದು ಬಂದ ದೋಷ ಇಬ್ಬರಲ್ಲೂ ಒಂದೊಂದು ಇತ್ತು. ಇಬ್ಬರಿಗೂ ಕಾಯಿಲೆ ಇಲ್ಲ. ಎರಡೂ ಕೂಡಿದ್ದು ಅಣ್ಣನಲ್ಲಿ.

ಹೊರಗೆ ಬಂದ ಮೇಲೆ ಅವ್ವ, "ನಮ್ಮ ಮಾವನ್ನ ನಾ ಮಾಡ್ಕೊಂಡಿದ್ದು ಈ ಡಾಕ್ಟರಗ ಏನ್ ತ್ರಾಸಾತು?" ಎಂದರು.

ಆ ತಜ್ಞರೇ ಅಣ್ಣನನ್ನು ಸಂಶೋಧನೆಯವರಿಗೆ ಒಪ್ಪಿಸಿದರು. ಚರ್ಮ ಕೊಡಲು ಒಪ್ಪಿದರೆ ಬರಬೇಕು, ಹೋಲಿಕೆಗೆ ಆರೋಗ್ಯವಂತ ಒಡಹುಟ್ಟಿದವರ ಚರ್ಮವೂ ಬೇಕಾಗಬಹುದು ಎಂದು ಪತ್ರ ಬಂತು. ಆ ಎರಡನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಹದಿನಾಲ್ಕು ವರ್ಷದ ಮೇಲೆ ಒಂದು ಪ್ರಯೋಗಾಲಯ ನನ್ನನ್ನು ಕರೆದಿತ್ತು. ಬೇಸಿಗೆ ರಜೆಗೆ ಊರಿಗೆ ಹೋದವಳು, ಆ ದಿನಕ್ಕೆಂದೇ ತೋಳು ಸಲೀಸಾಗಿ ಮೇಲೆ ಸರಿಯುವಂಥ ಸಡಿಲ ಕುರ್ತಾ ಹೊಲಿಸಿಕೊಂಡಿದ್ದೆ.

ಅಣ್ಣನ ಸರದಿ ಮುಗಿದ ಮೇಲೆ, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸಿನ ಒಬ್ಬ ಸಂಶೋಧಕಿ ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಈ ಚರ್ಮದ ಜೀವಕೋಶಗಳನ್ನ ಮೊದಲು ಹಿಂದಕ್ಕೆ ಕರ್ಕೊಂಡು ಹೋಗ್ತೀವಿ ಸಾರ್. ನಾನು ಚರ್ಮ ಅನ್ನೋದನ್ನೇ ಅವು ಮರೀಬೇಕು. ಭ್ರೂಣದಲ್ಲಿ ಹೇಗಿದ್ವೋ ಹಾಗಾಗ್ತವೆ, ಕಾಂಡಕೋಶ ಅಂತೀವಿ. ಆಮೇಲೆ ಅವಕ್ಕೆ ಮೆದುಳಿನ ಜೀವಕೋಶ ಆಗೋ ದಾರಿ ತೋರಿಸ್ತೀವಿ. ಬದುಕಿರೋರ ಮೆದುಳು ತೆಗೆದು ನೋಡೋಕಾಗಲ್ಲವಲ್ಲ. ನಿಮ್ಮದೇ ಕೋಶಗಳನ್ನ ತಟ್ಟೇಲಿ ಬೆಳೆಸಿ, ಎಲ್ಲಿ ಕೆಡ್ತಾ ಇದೆ ಅಂತ ನೋಡ್ತೀವಿ."

"ಅಂದ್ರ ನನ್ನ ಮೆದುಳು ನಿಮ್ಮ ಫ್ರಿಜ್‌ನ್ಯಾಗ ಇರತೈತೇನ್ರಿ?" ಎಂದ ಅಣ್ಣ.

"ಮೆದುಳಲ್ಲ ಸಾರ್, ಕೋಶಗಳು. ಫ್ರಿಜ್ಜೂ ಅಲ್ಲ, ಬೆಚ್ಚಗಿನ ಪೆಟ್ಟಿಗೆ."

"ನೋಡಿ ತಗೋರಿ ಮತ್ತ. ಮೊದಲ ಇದ್ದದ್ದು ಒಂದೀಟು."

ಅವಳು ನಕ್ಕಳು. ನಾನು ಕುರ್ತಾದ ತೋಳು ಮಡಚತೊಡಗಿದೆ. ಅದನ್ನು ನೋಡಿ ಅವಳು, "ಮೇಡಂ, ನಿಮ್ಮ ಚರ್ಮ ಬೇಡ" ಎಂದಳು. "ರಕ್ತ ಸಾಕು, ಜೀನ್ ಪರೀಕ್ಷೆಗೆ. ಸಾರ್ ಕೋಶದಲ್ಲೇ ಆ ದೋಷ ಸರಿ ಮಾಡಿ ಇನ್ನೊಂದು ಗುಂಪು ಕೋಶ ಬೆಳೆಸ್ತೀವಿ. ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಒಂದೇ ಇರುತ್ತಲ್ಲ, ಹೋಲಿಸೋಕೆ ಅದೇ ಒಳ್ಳೇದು. ನೀವು ತಂಗಿ ಆದ್ರೂ ಬೇರೆ ಮನುಷ್ಯರೇ ಅಲ್ವಾ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ. ಅದೇ ಇನ್ನಷ್ಟು ಚುಚ್ಚಿತು. ಕಾಯಿಲೆಯವನೂ ಅವನೇ, ಕಾಯಿಲೆ ವಾಸಿಯಾದವನೂ ಅವನೇ. ಪಕ್ಕದಲ್ಲಿ ನಿಲ್ಲುವ ಆರೋಗ್ಯವಂತಳ ಜಾಗವೂ ಅವನಿಗೇ ಹೋಯಿತು. ಆರು ವರ್ಷ ಎಂಜಿನಿಯರಿಂಗ್ ಓದಿದವನು ತೋಳು ಚಾಚಿ ಮೂರನೆಯ ಮಹಡಿಗೆ ಹೋದ.

ಅಣ್ಣ ಮರುದಿನವೇ ಮಸ್ಕತ್ತಿಗೆ ಹೊರಟ. ಎಣ್ಣೆಯ ಬೆಲೆ ಬಿದ್ದು ಆಗ ಎರಡನೆಯ ವರ್ಷ. ಒಂದು ವಾರಕ್ಕಿಂತ ಹೆಚ್ಚು ರಜೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಖಾಲಿ ಕುರ್ಚಿ ಕಂಡರೆ ಅದನ್ನೇ ಮೊದಲು ತೆಗೆಯುತ್ತಾರೆ ಎಂದು ಘಾಲಾದ ಆಫೀಸುಗಳಲ್ಲಿ ಎಲ್ಲರೂ ನಂಬಿದ್ದರು. ನನ್ನ ತರಗತಿಯಲ್ಲೂ ವರ್ಷದ ನಡುವೆ ಬೆಂಚುಗಳು ಖಾಲಿಯಾಗುತ್ತಿದ್ದವು. "ಮ್ಯಾಮ್, ವಿ ಆರ್ ಗೋಯಿಂಗ್ ಫಾರ್ ಗುಡ್" ಎಂದು ಮಕ್ಕಳು ಹೇಳುತ್ತಿದ್ದರು, ಪಿಕ್ನಿಕ್ಕಿಗೆ ಹೊರಟವರ ಹಾಗೆ. ಅಣ್ಣ ಖರ್ಚು ಉಳಿಯಲೆಂದು ತನ್ನ ಹೆಂಡತಿಯನ್ನೂ ಮಗಳನ್ನೂ ಊರಿಗೆ ಕಳಿಸಿಬಿಟ್ಟಿದ್ದ. ಕಾಯಿಲೆಯ ವಿಷಯ ಕಂಪನಿಗೆ ತಿಳಿಯಬಾರದೆಂದು ವಿಮೆಯ ಕಾರ್ಡನ್ನೇ ಬಳಸುತ್ತಿರಲಿಲ್ಲ. ಗುಳಿಗೆ ಊರಿನಿಂದಲೇ ಬರಬೇಕು, ಯಾರಾದರೂ ಬರುವವರ ಚೀಲದಲ್ಲಿ.

ಈ ಸಲ ಡಾಕ್ಟರರು ಗುಳಿಗೆಯ ಪ್ರಮಾಣ ಬದಲಿಸಿದ್ದರು. ನಮ್ಮೂರು ಬಾಗಲಕೋಟೆಯ ಔಷಧಿ ಅಂಗಡಿಯವನು ಅದನ್ನು ಹುಬ್ಬಳ್ಳಿಯಿಂದ ತರಿಸಬೇಕಿತ್ತು. ಆದ್ದರಿಂದ ಮೂರು ತಿಂಗಳ ಗುಳಿಗೆಯನ್ನು ನಾನು ಬರುವಾಗ ತರುವುದೆಂದು ನಿಶ್ಚಯವಾಯಿತು. ಗುಳಿಗೆ ಬಂದ ಕೂಡಲೇ ಅವನ್ನು ಕೈಚೀಲದಲ್ಲಿಟ್ಟುಕೊಂಡೆ.

ಹೊರಡುವ ಹಿಂದಿನ ದಿನ ಅಟ್ಟದಿಂದ ನನ್ನ ಹಳೆಯ ಭ್ರೂಣಶಾಸ್ತ್ರದ ಪುಸ್ತಕ ಇಳಿಸಿದೆ. ಇಟ್ಟಿಗೆಯಂಥ ಪುಸ್ತಕ, ಜೊತೆಗೆ ನನ್ನ ಟಿಪ್ಪಣಿಯ ಎರಡು ರಿಜಿಸ್ಟರು. ಯಾಕೆ ತೆಗೆದುಕೊಂಡು ಹೋಗುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. ಅವ್ವ ಅಡುಗೆಮನೆಯಲ್ಲಿ ಅಣ್ಣನಿಗೆಂದು ಸಜ್ಜಿಯ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಒಣಗಿಸಿದ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ, ಅದಕ್ಕೇ ನಮ್ಮ ಕಡೆ ಅದನ್ನು ಅಗಲವಾದ ತಗಡಿನ ಡಬ್ಬಿಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಕಟ್ಟಿ ಕಳಿಸುತ್ತಾರೆ. ನನಗೆಂದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಶೇಂಗಾ ಹಿಂಡಿ ಇಟ್ಟರು.

"ನನಗ ರೊಟ್ಟಿ ಇಲ್ಲೇನವ್ವ?" ಎಂದೆ.

"ನಿನಗ ಕೈ ಆಡತಾವಲ್ಲ, ಬಡಕೊಂಡು ತಿನ್ನು" ಎಂದರು ಅವ್ವ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅಪ್ಪ ಬಂದಿದ್ದರು. ತೂಕದ ಕೌಂಟರಿನಲ್ಲಿ ನಾಲ್ಕು ಕಿಲೊ ಹೆಚ್ಚು ಬಂತು. ಚೀಲ ತೆರೆದು, ನಾನು ಹೊರಗೆ ತೆಗೆದದ್ದು ಅಣ್ಣನ ಡಬ್ಬಿ. ಅದನ್ನು ಬಾಗಿಲಿನ ಗಾಜಿನಾಚೆ ನಿಂತಿದ್ದ ಅಪ್ಪನಿಗೆ ಕೊಡಲು ಹೋದೆ.

"ಅಣ್ಣಂದ ಯಾಕ ತಗದಿ? ಆ ದಪ್ಪನ್ ಪುಸ್ತಕ ತಗಿ" ಎಂದರು ಅಪ್ಪ.

"ಅದು ಬೇಕಪ್ಪ. ರೊಟ್ಟಿ ಏನ್ ಮಸ್ಕತ್‌ನ್ಯಾಗ ಸಿಗಂಗಿಲ್ಲೇನು?"

"ನಿಮ್ಮವ್ವ ಬಡದದ್ದು ಸಿಗತೈತೇನು?"

"ಎಲ್ಲಾ ಅವನಿಗೇ ಯಾಕ ಹೋಗಬೇಕು?" ಎಂದೆ. ದನಿ ಏರಿರಬೇಕು, ಪಕ್ಕದ ಕಾವಲಿನವನು ನೋಡಿದ. ಅಪ್ಪ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತರು.

ದಾರ್ಸೈಟಿನ ಮನೆಗೆ ಬಂದು ಕೈಚೀಲ ತೆರೆದಾಗ ಗುಳಿಗೆ ಇರಲಿಲ್ಲ. ಅವ್ವನಿಗೆ ಫೋನು ಮಾಡಿದೆ.

"ನೀ ಜಳಕಕ್ಕ ಹೋದಾಗ ತಗದು ರೊಟ್ಟಿ ಡಬ್ಬ್ಯಾಗ ಇಟ್ಟೀನಿ" ಎಂದರು. "ಕೈಚೀಲದಾಗ ಒತ್ತಿ ಪುಡಿ ಆಗತಾವು ಅಂತ, ರೊಟ್ಟಿ ನಡುವ ಭದ್ರ ಇರತಾವು. ಯಾಕ, ಅಣ್ಣಗ ಮುಟ್ಟಸಿಲ್ಲೇನು?"

ಡಬ್ಬಿ ಆ ಹೊತ್ತಿಗೆ ಅಪ್ಪನ ತೊಡೆಯ ಮೇಲೆ ಬಾಗಲಕೋಟೆಯ ರೈಲಿನಲ್ಲಿತ್ತು. ತೂಕ ಹೆಚ್ಚಾಯಿತೆಂದು ಅದನ್ನು ವಾಪಸು ಕಳಿಸಿದೆ, ಅಣ್ಣನ ಹತ್ತಿರ ಇನ್ನೂ ಗುಳಿಗೆ ಇವೆ, ಗಾಬರಿಯಾಗಬೇಡ ಎಂದು ಅವ್ವನಿಗೆ ಹೇಳಿದೆ. ಅದು ಒಂದು ಸುಳ್ಳು. ಅಣ್ಣ ಸಂಜೆ ಬಂದಾಗ, "ಅಂಗಡಿಗೆ ಸ್ಟಾಕ್ ಬಂದಿಲ್ಲಂತ ಅಣ್ಣಾ. ಮುಂದಿನ ವಾರ ಜಮಖಂಡಿಯವರೊಬ್ಬರು ರಜೆ ಮುಗಿಸಿ ಬರ್ತಾರ, ಅವರ ಕಡೆ ಕಳಸ್ತಾರ" ಎಂದೆ. ಅದು ಎರಡನೆಯದು. ಗುಳಿಗೆ ಒಂದು ಡಬ್ಬಿಯಲ್ಲಿ ಸಿದ್ಧವಾಗಿ ಕೂತಿದೆ ಎಂದು ತಿಳಿದಿದ್ದರೆ ಅಣ್ಣ ಅದನ್ನು ಹೇಗಾದರೂ ತರಿಸಿಕೊಳ್ಳುತ್ತಿದ್ದ. ಇಲ್ಲದ ಸ್ಟಾಕಿಗೆ ಅವನು ಏನು ಮಾಡಿಯಾನು.

"ಒಂದು ವಾರ ಏನ್ ದೊಡ್ಡದು, ಅರ್ಧರ್ಧಾ ಮಾಡಿ ತಗೊಂತೀನಿ" ಎಂದ.

ಜಮಖಂಡಿಯವರು ಬರಲಿಲ್ಲ. ರಜೆಯಲ್ಲಿದ್ದಾಗಲೇ ಅವರ ಕಂಪನಿಯಿಂದ ಮೇಲ್ ಹೋಗಿತ್ತು, ವಾಪಸು ಬರುವುದು ಬೇಡ, ನಿಮ್ಮ ಸಾಮಾನು ನಾವೇ ಕಳಿಸುತ್ತೇವೆ ಎಂದು. ಅವ್ವ ಡಬ್ಬಿಯನ್ನು ಅವರ ಮನೆಗೆ ಮುಟ್ಟಿಸಿಯೂ ಆಗಿತ್ತು. ಅದು ಅಲ್ಲೇ ಉಳಿಯಿತು. ಬೇರೊಬ್ಬರನ್ನು ಹುಡುಕಿದೆವು. ಆ ತಿಂಗಳುಗಳಲ್ಲಿ ಮಸ್ಕತ್ತಿನಿಂದ ಹೋಗುವವರು ಬಹಳ ಜನ ಇದ್ದರು, ಬರುವವರು ಸಿಗಲಿಲ್ಲ.

"ಇಲ್ಲೇ ಒಬ್ಬ ಡಾಕ್ಟರಗ ತೋರಸೋಣ, ಕಾರ್ಡ್ ಬ್ಯಾಡ, ರೊಕ್ಕಾ ಕೊಟ್ಟು" ಎಂದೆ ನಾನು.

"ಯಾವ ಕ್ಲಿನಿಕ್ಕಿಗೆ ಹೋದರೂ ಅಲ್ಲಿ ಒಬ್ಬಾಕಿ ನರ್ಸ್ ಇರತಾಳ, ಆಕಿ ಗಂಡ ನಮ್ಮ ಆಫೀಸಿನಾಗ ಇರತಾನ" ಎಂದ ಅಣ್ಣ. "ಕೆಲಸದಿಂದ ತೆಗಿಯೋರ ಪಟ್ಟಿ ಮಾಡಾಕತ್ತಾರ ತಂಗೆವ್ವ. ನನ್ನ ಕೈ ನಡಗೂದು ಗೊತ್ತಾದ್ರ ಪೆನ್ನ ಸೀದಾ ನನ್ನ ಹೆಸರಿಗೇ ಬರತೈತಿ."

ಮೂರು ವಾರ ಹೀಗೇ ಹೋಯಿತು. ಶುಕ್ರವಾರ ಊಟಕ್ಕೆ ಬಂದಾಗ ಅವನ ಮುಖ ಗೋಡೆಯ ಹಾಗಿರುತ್ತಿತ್ತು. ನಕ್ಕರೂ ಮುಖ ಅಲುಗುತ್ತಿರಲಿಲ್ಲ. ಒಂದು ದಿನ ಶರ್ಟಿನ ಗುಂಡಿ ಹಾಕಿಕೊಳ್ಳಲಾಗದೆ ಮಗುವಿನಂತೆ ನನ್ನ ಮುಂದೆ ಬಂದು ನಿಂತ. ನಾನು ಗುಂಡಿ ಹಾಕಿದೆ. ಆಗ ನನ್ನೊಳಗೆ ಕರುಣೆಯ ಜೊತೆ ಇನ್ನೊಂದು ಇತ್ತು, ಒಂದು ಸಣ್ಣ ಸಮಾಧಾನ. ಈಗ ಅವನಿಗೆ ನನ್ನ ಕೈ ಬೇಕು ಎಂಬುದು. ಕೊರಿಯರ್ ಬಗ್ಗೆ ವಿಚಾರಿಸಬಹುದಿತ್ತು. ನಿಜ ಹೇಳಿ, ಅವನೇ ದಾರಿ ಹುಡುಕಲಿ ಎಂದು ಬಿಡಬಹುದಿತ್ತು. ದಿನಾ ಶಾಲೆಯಿಂದ ಬಂದು ಆ ಇಟ್ಟಿಗೆಯಂಥ ಪುಸ್ತಕ ಓದುತ್ತಿದ್ದೆ.

ಆ ಶನಿವಾರ ಬೆಳಗ್ಗೆ ಅವನು ನನ್ನನ್ನು ಕರೆದುಕೊಂಡು ಹೋಗಲು ಬಂದ. ಅಲ್ ಹೈಲ್‌ನ ದೊಡ್ಡ ಫ್ಲ್ಯಾಟು ಬಿಟ್ಟು ಅದೇ ಬೀದಿಯ ಒಂದು ಕೋಣೆಗೆ ಹೋಗುವವನಿದ್ದ, ಪಾತ್ರೆ ಕಟ್ಟಲು ನಾನು ಬೇಕಿತ್ತು. ನನ್ನ ಗಂಡ ಕೆಲಸದ ಮೇಲೆ ಒಳನಾಡಿಗೆ ಹೋಗಿದ್ದರು. "ಟ್ಯಾಕ್ಸಿ ಮಾಡೋಣೇನ?" ಎಂದೆ. "ಬೆಳಿಗ್ಗೆ ಅರ್ಧ ಗುಳಿಗಿ ತಗೊಂಡೀನಿ, ಸರಿ ಅದೀನಿ. ಕುಂದ್ರು" ಎಂದ.

ರೂವಿ ದಾಟಿ, ಕುರುಮ್ ದಾಟಿ ಬಂದೆವು. ಹೆದ್ದಾರಿ ಅಷ್ಟೇನೂ ತುಂಬಿರಲಿಲ್ಲ. ಗಾಡಿ ನೂರರ ಮೇಲಿತ್ತು. ಘಾಲಾದ ತಿರುವಿನ ಹತ್ತಿರ ಮುಂದೆ ಒಂದು ಟ್ರೇಲರ್ ಹೋಗುತ್ತಿತ್ತು. ಅದರ ಮೇಲೆ ಕೊರೆಯುವ ಯಂತ್ರದ ಉದ್ದುದ್ದ ಕೊಳವೆಗಳು. ಆ ವರ್ಷ ಕೆಲಸ ನಿಂತ ಬಾವಿಗಳಿಂದ ಅವನ್ನು ಹೀಗೇ ವಾಪಸು ತಂದು ಅಂಗಳಗಳಲ್ಲಿ ಒಟ್ಟುತ್ತಿದ್ದರು. ಕೊಳವೆಗಳ ತುದಿ ಟ್ರೇಲರಿನಿಂದ ಹೊರಗೆ ಚಾಚಿತ್ತು, ಒಂದಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ತಿರುವಿಗೆಂದು ಟ್ರೇಲರ್ ನಿಧಾನಿಸಿತು. ಅದರ ಹಿಂದಿನ ದೀಪ ಹೊತ್ತಿಕೊಂಡಿತು.

ನಮ್ಮ ಗಾಡಿ ನಿಧಾನಿಸಲಿಲ್ಲ.

ನಾನು ಅಣ್ಣನ ಕಡೆ ನೋಡಿದೆ. ಅವನ ಎರಡೂ ಕೈ ಚಕ್ರದ ಮೇಲಿದ್ದವು. ಮುಖದಲ್ಲಿ ಏನೂ ಇರಲಿಲ್ಲ. ಬಹಳ ಮೆಲ್ಲಗೆ, ಉಪ್ಪು ಕೊಡು ಎಂದು ಕೇಳುವಷ್ಟು ಮೆಲ್ಲಗೆ, ಹೇಳಿದ.

"ತಂಗೆವ್ವ, ಕಾಲ ಬರವಲ್ದು."

ಬಗ್ಗಿ ನೋಡಿದೆ. ಅವನ ಬಲಗಾಲು ಆಕ್ಸಿಲರೇಟರಿನ ಮೇಲೆ ಅಂಟಿಸಿದಂತೆ ಇತ್ತು. ತೊಡೆ ನಡುಗುತ್ತಿತ್ತು, ಪಾದ ಏಳುತ್ತಿರಲಿಲ್ಲ. ಆ ಕೆಂಪು ಬಟ್ಟೆ ದೊಡ್ಡದಾಗುತ್ತ ಬಂತು. ಏರಿನ ಪರೀಕ್ಷೆ ಕಲಿಸುವಾಗ ನನ್ನ ಒಮಾನಿ ಶಿಕ್ಷಕ ಹಿಂದಿಯಲ್ಲಿ ನೂರು ಸಲ ಹೇಳಿದ್ದ, ಗಾಬರಿಯಾದರೆ ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕು, ಮೆಲ್ಲಗೆ. ನನ್ನ ಕೈ ಗೇರನ್ನು ದೂಡಿತು. ಎಂಜಿನ್ ಅರಚಿಕೊಂಡಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಹಿಂದಿನ ಚಕ್ರಗಳು ಕಿರುಚಿದವು. "ಬಲಕ್ಕ ತಗೋ ಅಣ್ಣಾ, ಬಲಕ್ಕ" ಎಂದೆ. ಅವನ ಕೈಗಳು ಮಾತು ಕೇಳಿದವು. ಗಾಡಿ ರಸ್ತೆಯ ಅಂಚಿಗೆ ಹೋಗಿ, ಲೋಹದ ತಡೆಗೆ ಉಜ್ಜುತ್ತ ಉಜ್ಜುತ್ತ ಹೋಗಿ ನಿಂತಿತು. ನನ್ನ ಎದುರಿನ ಗಾಜಿನಿಂದ ಒಂದು ಮಾರು ದೂರದಲ್ಲಿ ಕೊಳವೆಗಳ ಬಾಯಿ. ದುಂಡಗೆ, ಒಳಗೆ ಕತ್ತಲೆ. ಟ್ರೇಲರಿನವನಿಗೆ ಏನೂ ಗೊತ್ತಾಗಲಿಲ್ಲ. ತಿರುವಿನಲ್ಲಿ ಇಳಿದು ಹೊರಟುಹೋದ.

ಈಗಲೂ ತರಕಾರಿ ಹೆಚ್ಚುವಾಗ, ಉತ್ತರಪತ್ರಿಕೆ ತಿದ್ದುವಾಗ ಅದು ಮೊದಲಿನಿಂದ ಶುರುವಾಗುತ್ತದೆ. ದೀಪ ಹೊತ್ತಿಕೊಳ್ಳುತ್ತದೆ, ಅಣ್ಣ ಉಪ್ಪು ಕೇಳಿದಂತೆ ಕೇಳುತ್ತಾನೆ. ಕೆಲವು ಸಲ ನನ್ನ ಕೈಗೆ ಗೇರು ಸಿಗುವುದಿಲ್ಲ. ಕೆಲವು ಸಲ ನಾನು ಆ ಗಾಡಿಯಲ್ಲೇ ಇರುವುದಿಲ್ಲ, ಅವನೊಬ್ಬನೇ ಇರುತ್ತಾನೆ. ಅದು ಎಲ್ಲಕ್ಕಿಂತ ಕೆಟ್ಟದ್ದು.

ದಿಶ್‌ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ ಒಬ್ಬ ಒಮಾನಿ ತನ್ನ ಗಾಡಿ ನಿಲ್ಲಿಸಿ ಓಡಿ ಬಂದ. ಬಾಗಿಲು ತೆಗೆದು, ಅಣ್ಣನ ಕಾಲನ್ನು ತಾನೇ ಎರಡೂ ಕೈಯಿಂದ ಎತ್ತಿ ಪೆಡಲಿನಿಂದ ತೆಗೆದ. "ಖಲಾಸ್, ಖಲಾಸ್", ಮುಗಿಯಿತು, ಇನ್ನು ಭಯವಿಲ್ಲ ಎಂದು ಅಣ್ಣನ ಭುಜ ತಟ್ಟಿ, ನೀರಿನ ಬಾಟಲಿ ಕೊಟ್ಟ. ಕಾಯಿಲೆಯೇ ಎಂದು ಹಿಂದಿಯಲ್ಲಿ ಕೇಳಿದ. "ಶುಗರ್ ಕಡಿಮೆಯಾಯಿತು" ಎಂದ ಅಣ್ಣ. ಆತ ಕೂಡಲೇ ತನ್ನ ಗಾಡಿಯಿಂದ ಖರ್ಜೂರದ ಡಬ್ಬಿ ತಂದ. ಸುಳ್ಳು ಹೇಳಿದ ತಪ್ಪಿಗೆ ಅಣ್ಣ ಒಂದಾದ ಮೇಲೊಂದು ಐದು ಖರ್ಜೂರ ತಿನ್ನಬೇಕಾಯಿತು, ಆತ ಬಿಡಲಿಲ್ಲ. ನಿಮ್ಮ ಮನೆಯವರಿಗೆ ಫೋನು ಮಾಡಿ, ಇವರು ಇವತ್ತು ಗಾಡಿ ಓಡಿಸಬಾರದು ಎಂದು ನನಗೆ ಎರಡು ಸಲ ಹೇಳಿ ಹೋದ.

ನನ್ನ ಗಂಡನ ಸ್ನೇಹಿತರೊಬ್ಬರು ಬರುವವರೆಗೆ ನಾವು ರಸ್ತೆಯ ಪಕ್ಕದಲ್ಲೇ ಕೂತೆವು. ಬಿಸಿಲು ಏರಿತ್ತು.

"ಡ್ರಮ್ಮಿನ ರಾಣಿ" ಎಂದ ಅಣ್ಣ, ನೆಲ ನೋಡುತ್ತ. "ಪಾಸಾದಿ ನೋಡು."

ಆಗ ನಾನು ಹೇಳಿದೆ. ಡಬ್ಬಿ, ತೂಕ, ಪುಸ್ತಕ, ಸ್ಟಾಕು, ಎಲ್ಲವನ್ನೂ.

"ಮೂರು ವಾರ ನನಗ ಸುಳ್ಳ ಹೇಳಿದಿ?"

"ಹೂಂ."

"ಯಾಕ?"

"ಸಿಟ್ಟಿತ್ತು."

"ಯಾರ ಮ್ಯಾಲ?"

"ನಿನ್ನ ಮ್ಯಾಲ."

"ನಾ ಏನ ಮಾಡೀನಿ ನಿನಗ?"

"ನೀ ಚರ್ಮಾ ಕೊಟ್ಟಿ."

ಅವನು ನನ್ನತ್ತ ತಿರುಗಿದ. ತಿರುಗುವುದಕ್ಕೂ ಹೊತ್ತು ಹಿಡಿಯಿತು. ಹುಚ್ಚಿಯನ್ನು ನೋಡುವಂತೆ ನೋಡಿದ. ಆಮೇಲೆ ತೋಳಿನ ಮೇಲಿದ್ದ ಆ ಸಣ್ಣ ಕಲೆಯನ್ನು ನನ್ನ ಮುಂದೆ ಹಿಡಿದ.

"ತಗೋ ಮತ್ತ. ಇದರ ಜೋಡಿ ಉಳಿದದ್ದೂ ತಗೋ. ಮುಂಜಾನೆ ಏಳಾಕ ಒಂದು ತಾಸು ಬೇಕು, ಅದನ್ನೂ ತಗೋ."

ನಾನು ಅಳಲಿಲ್ಲ. ಅವನೂ ಅಳಲಿಲ್ಲ. ಮುಖ ಹಾಗೇ ಗೋಡೆಯಂತಿತ್ತು. ಗಾಡಿ ಬಂದಾಗ ಅವನು ಮುಂದೆ ಕೂತ, ನಾನು ಹಿಂದೆ. ಇಳಿಯುವಾಗ ತನ್ನ ಗಾಡಿಯ ಕೀಲಿಯನ್ನು ನನ್ನ ಕೈಗೆ ಹಾಕಿದ.

ಮರುದಿನ ವಿಮೆಯ ಕಾರ್ಡು ಹಿಡಿದು ಅವನೇ ಆಸ್ಪತ್ರೆಗೆ ಹೋದ. ಗುಳಿಗೆ ಆವತ್ತೇ ಸಿಕ್ಕಿತು, ಕೌಂಟರಿನಲ್ಲಿ, ಹತ್ತು ನಿಮಿಷದಲ್ಲಿ. ಕಂಪನಿಗೂ ತಾನೇ ಹೇಳಿದ. ಕೇಳಿಸಿಕೊಂಡ ಅಧಿಕಾರಿ, ಪಟ್ಟಿ ರಂಜಾನ್‌ಗೆ ಮೊದಲೇ ಮುಗಿದಿದೆ, ನಿಮ್ಮ ಹೆಸರು ಅದರಲ್ಲಿತ್ತು, ಈ ಕಾರಣಕ್ಕಲ್ಲ ಎಂದನಂತೆ. ಅಂದರೆ ಅಣ್ಣ ಅಷ್ಟು ದಿನ ಬಚ್ಚಿಟ್ಟದ್ದು ಯಾವುದನ್ನೂ ಉಳಿಸಿರಲಿಲ್ಲ. ಇದನ್ನು ಅವನು ನನಗೆ ಹೇಳಲಿಲ್ಲ, ನನ್ನ ಗಂಡನಿಗೆ ಹೇಳಿದ. ನನ್ನ ಜೊತೆ ಮಾತಾಡುವುದನ್ನೇ ಬಿಟ್ಟಿದ್ದ. ಅಲ್ ಹೈಲ್‌ನ ಪಾತ್ರೆಗಳನ್ನು ನಾನು ಹೋಗಿ ಕಟ್ಟಿದೆ. ಅವನು ಪಕ್ಕದ ಕೋಣೆಯಲ್ಲಿ ಕೂತು ಅವನ್ನು ಮಾರುವ ಜಾಹೀರಾತು ಬರೆದ. ಅಕ್ಷರ ಮತ್ತೆ ಸ್ವಲ್ಪ ದೊಡ್ಡದಾಗಿತ್ತು.

ಕೆಲಸ ಹೋಗಿ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ, ಒಳಗೆ ಹೋಗುವ ಮೊದಲು, ಮೂರು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟ. "ಆ ಪುಸ್ತಕ ಓದಿ ಮುಗಸಿದೇನು?"

"ಅರ್ಧ ಆಗೈತಿ."

"ಮುಗಸು. ಅಷ್ಟಾದ್ರೂ ಆಗಲಿ" ಎಂದು ಹೊರಟುಹೋದ.

ಮುಂದಿನ ಬೇಸಿಗೆಯ ರಜೆಯಲ್ಲಿ ಅವನ ತಪಾಸಣೆಗೆ ಬೆಂಗಳೂರಿಗೆ ನಾನೇ ಜೊತೆ ಹೋದೆ. ಗುಳಿಗೆ ನನ್ನ ಕೈಚೀಲದಲ್ಲಿತ್ತು, ಪ್ರತಿ ನಿಲ್ದಾಣದಲ್ಲೂ ಮುಟ್ಟಿ ನೋಡುತ್ತಿದ್ದೆ. ನನ್ನ ರಕ್ತದ ಪರೀಕ್ಷೆಯ ಉತ್ತರ ಆವತ್ತು ಕೊಟ್ಟರು. ಕೆಟ್ಟ ಪ್ರತಿ ನನ್ನಲ್ಲೂ ಒಂದಿದೆ, ಇನ್ನೊಂದು ಚೆನ್ನಾಗಿದೆ, ಅಣ್ಣನಿಗೆ ಬಂದ ಹಾಗೆ ಬರುವುದಿಲ್ಲ. ಅಣ್ಣ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವನು ಅದೇ ಸಂಶೋಧಕಿಯನ್ನು ಕೇಳಿದ.

"ನಮ್ಮ ತಂಗಿಗೆ ಒಮ್ಮೆ ತೋರಸಾಕ ಬರತೈತೇನ್ರಿ? ನನಗ ತಿಳಿಯಂಗಿಲ್ಲ ಅದು. ಆಕಿ ಓದಿದಾಕಿ."

ಅವಳು ಯಾರನ್ನೋ ಕೇಳಿ ಬಂದು, ನಮಗೆ ಬಿಳಿ ಅಂಗಿ ತೊಡಿಸಿ, ಮೂರನೆಯ ಮಹಡಿಗೆ ಕರೆದುಕೊಂಡು ಹೋದಳು. ಎರಡು ತಟ್ಟೆ ತಂದು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಇಟ್ಟಳು. ನಾನು ಕಣ್ಣಿಟ್ಟೆ. ಹೊಳೆಯುವ ಚುಕ್ಕೆಗಳು, ಅವುಗಳಿಂದ ಹೊರಟ ಎಳೆಗಳು, ಎಳೆ ಎಳೆಯನ್ನು ತಾಗಿ ಹೆಣೆದ ಬಲೆ. ಅವನ ತೋಳಿನ ಚರ್ಮ ತಾನು ಚರ್ಮವೆಂಬುದನ್ನು ಮರೆತು ಹೀಗಾಗಿತ್ತು.

"ಇವೆರಡರಲ್ಲಿ ಸರಿ ಮಾಡಿದ್ದು ಯಾವುದು?" ಎಂದು ಕೇಳಿದೆ.

"ಈಗ ಇಟ್ಟಿರೋದು ಮೇಡಂ. ಬರೀ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ಬಣ್ಣ ಹಾಕಿ ಅಳೆದಾಗ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೊಂದರಲ್ಲಿ ಸವೆದುಹೋದ ಮೈಟೊಕಾಂಡ್ರಿಯಾ ಹೊರಗೆ ಹೋಗಲ್ಲ, ಒಳಗೇ ಉಳ್ಕೊಳ್ತವೆ."

ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದ ಆ ಅವರೆಕಾಳಿನಾಕಾರದ ಚಿತ್ರ. ನಾನು ಸರಿ ಮಾಡಿದ ತಟ್ಟೆಯನ್ನೇ ನೋಡುತ್ತ ಉಳಿದೆ. ಈ ತಟ್ಟೆಯಲ್ಲಿನ ಅಣ್ಣನ ಕಾಲಾದರೆ ಪೆಡಲಿನಿಂದ ಎದ್ದಿರುತ್ತಿತ್ತು. ಕೆಂಪು ಬಟ್ಟೆ ಕಂಡ ಕೂಡಲೇ ಇವನು ಬ್ರೇಕು ಒತ್ತಿರುತ್ತಿದ್ದ, ಒತ್ತಿ ನನ್ನ ಡ್ರಮ್ಮುಗಳ ಬಗ್ಗೆ ಏನೋ ಚೇಷ್ಟೆ ಮಾಡಿರುತ್ತಿದ್ದ. ಪಕ್ಕದ ಮೇಜಿನಲ್ಲಿ ಆ ಹುಡುಗಿ ಕೈಗವಸು ತೊಟ್ಟು ಇನ್ನೊಂದು ತಟ್ಟೆಗೆ ಗುಲಾಬಿ ದ್ರವ ಬದಲಿಸುತ್ತಿದ್ದಳು. ಅವಳ ಕೈ ಅಲುಗುತ್ತಿರಲಿಲ್ಲ. ದಿನಾ ಅವಳು ಇವುಗಳನ್ನು ನೋಡುತ್ತಾಳೆ. ನನ್ನೊಳಗೆ ಅದೇ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು, ಆ ಗಾಡಿಯಲ್ಲಿ ಸತ್ತಿರಬೇಕೆಂದುಕೊಂಡದ್ದು.

ಹಿಂದಿನಿಂದ ಅಣ್ಣನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಹತ್ತಿರ ಬಂತು.

"ಎಷ್ಟ ನೋಡ್ತಿ? ನಂದ ಐತಿ ಅದು. ನನಗೂ ಒಂದೀಟು ತೋರಸು."

"ತಡಿ ಅಣ್ಣಾ" ಎಂದೆ. ಕಣ್ಣು ತೆಗೆಯಲಿಲ್ಲ. ಅವನು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತ. ಕುರ್ಚಿ ಅವನ ಕೈಯ ಜೊತೆ ಸಣ್ಣಗೆ ನಡುಗುತ್ತಿತ್ತು. ತಟ್ಟೆಯಲ್ಲಿನ ಎಳೆಗಳೂ ನಡುಗಿದಂತೆ ಕಂಡವು. ಎದ್ದು, ಅವನ ತೋಳು ಹಿಡಿದು, ಆ ಕುರ್ಚಿಯಲ್ಲಿ ಅವನನ್ನು ಕೂರಿಸಿದೆ.